ಎಣ್ಣೆ ಬಾಟ್ಲಿ, ನೋಟ್‌ಬುಕ್ಕು ಮತ್ತು ಗುರುವಾರದ ಪ್ರಾರ್ಥನೆ

ರೋಗಿಗಳ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದನ್ನು ನಾವು ಈಗಿನ ರೀತಿಯಲ್ಲಿ ಶುರು ಮಾಡಿ ಹತ್ತಿರ ಹತ್ತಿರ ಎಂಟು ವರ್ಷವಾಯಿತು. "ವಾಸಿ ಆಗ್ತದ ಅಂತ ಹೇಳದ ಪ್ರಾರ್ಥನೆ ಮಾಡಿದ್ರ ಯಾರು ಕರೀತಾರ ಬ್ರದರ್?" ಅಂತ ನಮ್ಮ ಸಭೆಯ ಹಿರಿಯರೊಬ್ಬರು ಆಗ ಮುಖಕ್ಕೇ ಕೇಳಿದ್ದರು. ಈಗ ತಿಂಗಳಿಗೆ ಎರಡು ಸಲ ಅವರ ಮನೆಗೇ ಹೋಗುತ್ತೇನೆ. ಮಂಡಿ ನೋವು. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಮೊದಲು ದುಡ್ಡಿನ ಕತೆ. ಅದಕ್ಕೂ ಹಿಂದೆ ನಾನೂ ಎಲ್ಲರ ಹಾಗೆ ಗದಗ ಪಕ್ಕದ ಬೆಟಗೇರಿಯಲ್ಲಿ ಮೂರು ದಿನದ ಸ್ವಸ್ಥತಾ ಕೂಟ, ಅಂದರೆ ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನುವ ಸಭೆ, ಮಾಡಿಸಿದವನೇ. ಶಾಮಿಯಾನ, ಮೈಕ್‌ಸೆಟ್, ಬ್ಯಾನರ್, ಹೊರಗಿನಿಂದ ಬಂದ ದೇವಸೇವಕರಿಗೆ ಲಾಡ್ಜು, ಕಾರು, ಮೂರೂ ರಾತ್ರಿ ಪಲಾವು. ಒಟ್ಟು 1 ಲಕ್ಷ 80 ಸಾವಿರದ ಆಸುಪಾಸು. ಕಾಣಿಕೆ ಬಂದದ್ದು 60 ಸಾವಿರ ಚಿಲ್ಲರೆ, ಅದರಲ್ಲೇ 25 ಸಾವಿರ ಆ ದೇವಸೇವಕರಿಗೆ ಕೊಡುವ ಕವರಿಗೆ ಹೋಯಿತು. ಉಳಿದದ್ದು ಸೊಸೈಟಿ ಸಾಲ. ನನ್ನ ಸಂಬಳದಲ್ಲೇ ಮೂರು ವರ್ಷ ತೀರಿಸಿದೆ.

ಸಾಲ ಹೋಗಲಿ. ಆ ಮೂರು ದಿನದಲ್ಲಿ ಸುಮಾರು ನಲವತ್ತು ಜನ ಸ್ಟೇಜ್ ಹತ್ತಿ ವಾಸಿಯಾಯಿತು ಅಂತ ಸಾಕ್ಷಿ ಹೇಳಿದ್ದರು. ತಿಂಗಳು ಬಿಟ್ಟು ಅವರನ್ನೆಲ್ಲ ಹುಡುಕಿಕೊಂಡು ಹೊರಟೆ. ಒಳ್ಳೆಯ ಸುದ್ದಿ ಕೂಡಿಸಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸುವ ಆಸೆ. ಸಿಕ್ಕವರು ಇಪ್ಪತ್ತೈದು ಜನ ಇರಬೇಕು. ಆರಾಮ ಇದ್ದೇವೆ ಅಂದವರು ನಾಲ್ಕೋ ಐದೋ. ಕಿವಿ ಬಂತು ಅಂತ ಚಪ್ಪಾಳೆ ಗಿಟ್ಟಿಸಿದ್ದ ಹುಡುಗನಿಗೆ ಮೊದಲೂ ಒಂದು ಕಿವಿ ಕೇಳುತ್ತಿತ್ತಂತೆ. ಇನ್ನೊಬ್ಬರು ಮಗ್ಗದ ಮನೆಯ ಯಜಮಾನರು, ಸಕ್ಕರೆ ಕಾಯಿಲೆ. ಸ್ಟೇಜಿನ ಮೇಲೆ "ಬಿಡುಗಡೆಯಾಗಿದೆ" ಅಂದದ್ದನ್ನು ನಂಬಿ ಅವತ್ತೇ ಇನ್ಸುಲಿನ್ ಬಿಟ್ಟಿದ್ದರು. ನಾನು ಹೋದಾಗ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಆಮೇಲೆ ಮೊಣಕಾಲ ಕೆಳಗೆ ಪೂರ್ತಿ ಹೋಯಿತು. ನನ್ನನ್ನು ಬೈಯುತ್ತಾರೆ ಅಂದುಕೊಂಡೇ ಕೂತಿದ್ದೆ. ಅವರು ಹೇಳಿದ್ದಿಷ್ಟೇ: "ನನ್ನ ನಂಬಿಕೀನ ಸಣ್ಣದಿತ್ತು ಅನಸ್ತದರಿ ಸರ್."

ಪುಸ್ತಕದ ಆಸೆ ಅಲ್ಲಿಗೇ ಸತ್ತಿತು.

ಅದೇ ಸ್ಟೇಜಿನ ಮೇಲೆ ನನ್ನ ಹೆಂಡತಿಯೂ ನಿಂತಿದ್ದಳು. ಸಂಧಿವಾತ, ಎರಡೂ ಕೈಯ ಬೆರಳು ಸೊಟ್ಟ. ಅವತ್ತು ರಾತ್ರಿ ಎಲ್ಲರ ಮುಂದೆ ಮುಷ್ಟಿ ಮಡಚಿ ತೋರಿಸಿದಳು. ಮಾರನೇ ದಿನ ರೊಟ್ಟಿ ಬಡಿಯಲು ಕೈ ಏಳಲಿಲ್ಲ. ಯಾರಿಗೂ ಹೇಳಬೇಡ ಅಂದವನು ನಾನೇ. ಅದನ್ನು ಈಗ ಬರೆಯಲೂ ನಾಚಿಕೆ.

ಆಮೇಲೆ ರೀತಿ ಬದಲಿಸಿದೆ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅನ್ನುವ ಬೈಬಲಿನ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಆದರೆ ಎರಡು ಸಂಗತಿ ನನಗೆ ಅಷ್ಟು ವರ್ಷ ಕಂಡೇ ಇರಲಿಲ್ಲ. ಕರೆಸಬೇಕಾದವನು ಕಾಯಿಲೆಯವನು. ಬರಬೇಕಾದವರು ಹಿರಿಯರು, ಒಬ್ಬನಲ್ಲ. ಹಾಗಾಗಿ ಕರೆಯದ ಮನೆಗೆ ಹೋಗಲ್ಲ, ಒಬ್ಬನೇ ಅಂತೂ ಹೋಗಲ್ಲ. ಗುರುವಾರ ಸಂಜೆ ನಾವು ಮೂವರು: ನಾನು, ರಿಟೈರಾದ ನರ್ಸ್ ಅಕ್ಕ, ಒಬ್ಬ ಹುಡುಗ. ಆಟೋಕ್ಕೆ ಹೋಗಿ ಬರಲು 150, ಎಣ್ಣೆಗೆ ತಿಂಗಳಿಗೆ 40. ಶಾಮಿಯಾನದ ಒಂದು ದಿನದ ಬಾಡಿಗೆಯಲ್ಲಿ ನಮ್ಮದು ಒಂದು ವರ್ಷ ನಡೆಯುತ್ತದೆ.

ಮನೆ ಹೊಕ್ಕ ಕೂಡಲೇ ಪ್ರಾರ್ಥನೆ ಇಲ್ಲ. ಮೊದಲು ನರ್ಸ್ ಅಕ್ಕ ಆಸ್ಪತ್ರೆಯ ಫೈಲ್ ಕೇಳುತ್ತಾರೆ, ಮಾತ್ರೆಯ ಡಬ್ಬಿ ತೆಗೆಸುತ್ತಾರೆ. ಬಿಟ್ಟ ಮಾತ್ರೆ ಇದ್ದರೆ ನಮ್ಮೆದುರೇ ನುಂಗಬೇಕು. ಇದು ಅಪನಂಬಿಕೆ ಅಂದವರು ಇದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದವರು, ಆಮೇಲೆ ನಮ್ಮ ಕಡೆಗೂ ಬಂದರು. ಬೆಟಗೇರಿಯಲ್ಲಿ ಅವರು ಚರ್ಚನ್ನೂ ಕಟ್ಟಿದರು, ಆಸ್ಪತ್ರೆಯನ್ನೂ ಕಟ್ಟಿದರು. ಎರಡಕ್ಕೂ ಜಗಳ ಹಚ್ಚಿದ್ದು ನಾವು. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆ ನೋವಿಗೆ ಅಪೊಸ್ತಲ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಅಂತಲೇ ಬರೆದ. ಜೊತೆಗಾರ ತ್ರೊಫಿಮನನ್ನು ಮಿಲೇತ ಅನ್ನುವ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಪೌಲನಿಗೂ ನಂಬಿಕೆ ಸಾಲದೇ ಹೋಯಿತೇ ಅಂತ ಕೇಳಿದರೆ ಬಾಯಿ ಮುಚ್ಚುತ್ತಾರೆ.

ಫೈಲ್ ಆದ ಮೇಲೆ ಬೈಬಲಿನ ಒಂದು ಕೀರ್ತನೆ. ಮೊದಮೊದಲು 23, 91, 103 ಓದುತ್ತಿದ್ದೆ. ಕ್ಯಾನ್ಸರಿನ ಒಬ್ಬ ಆಯಿ ಗೋಡೆ ಕಡೆ ಹೊರಳಿ ಮಲಗಿದರು. 91ರಲ್ಲಿ ಯಾವ ಕೇಡೂ ಹತ್ತಿರ ಬರಲ್ಲ ಅಂತ ಇದೆಯಲ್ಲ, ಅದನ್ನು ಅವರ ಮುಂದೆ ಓದಿದ್ದೆ ನಾನು! ಮುಂದಿನ ವಾರ 13 ಓದಿದೆ. ಅದರಲ್ಲಿ "ಎಲ್ಲಿಯ ತನಕ" ಅಂತ ಕೀರ್ತನೆಗಾರ ದೇವರನ್ನೇ ನಾಲ್ಕು ಸಲ ಕೇಳುತ್ತಾನೆ. ಆಯಿ ತಿರುಗಿದರು. "ಇದು ನಮ್ಮ ಬೈಬಲ್‌ದಾಗ ಐತೇನು?" ಅಂದರು. ಆಮೇಲೆ 88. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ಅವರು ಮೂರು ಸಲ ಓದಿಸಿಕೊಂಡರು. "ಪ್ರಾರ್ಥನಿ ಬ್ಯಾಡ, ಹಂಗ ಕುಂದರ್ರಿ" ಅಂದರು. ಕೂತೆವು. ಎರಡು ತಿಂಗಳಿಗೆ ತೀರಿಕೊಂಡರು. ಚರ್ಚಿಗೆ ಬರುವುದನ್ನೇ ಬಿಟ್ಟಿದ್ದ ಅವರ ಮಗ ಈಗ ನಮ್ಮ ಮೂವರಲ್ಲಿ ಒಬ್ಬ.

ಎಣ್ಣೆಯಲ್ಲೂ ಒಂದಿಷ್ಟು ಆಟ ಆಡಿದ್ದೇನೆ. ಬೆಂಗಳೂರಿನಿಂದ ಆಲಿವ್ ಎಣ್ಣೆ ತರಿಸಿದೆ, ಚಿಕ್ಕ ಬಾಟ್ಲಿಗೆ 600 ರೂಪಾಯಿ. ಜನ ಅದನ್ನು ಮಂತ್ರದ ನೀರಿನ ಹಾಗೆ ನೋಡತೊಡಗಿದರು, ಸ್ವಲ್ಪ ಬಗ್ಗಿಸಿ ಕೊಡ್ರಿ ಅಂತ ಕೇಳಿದರು. ಬಿಟ್ಟೆ. ಶೇಂಗಾ ಎಣ್ಣೆ ಹಚ್ಚಿದರೆ ಒಬ್ಬ ಅಜ್ಜ ಒಗ್ಗರಣೆ ವಾಸನೆ ಅಂತ ನಕ್ಕುಬಿಟ್ಟ. ಈಗ ಕೊಬ್ಬರಿ ಎಣ್ಣೆ. ಡಿಸೆಂಬರಿನಲ್ಲಿ ಗಟ್ಟಿಯಾಗುತ್ತದೆ, ಹೊರಡುವ ಮುಂಚೆ ಬಾಟ್ಲಿಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡರೆ ಕರಗುತ್ತದೆ.

ಇನ್ನೊಂದು ಪ್ರಯೋಗ ಹೆಸರಿನದು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳ ಮೇಲೆ ಬೇರೆಯವರು ಮಾಡುವ ಪ್ರಾರ್ಥನೆಯಿಂದ ಏನಾಗುತ್ತದೆ ಅಂತ ಒಂದು ಅಧ್ಯಯನ ನಡೆದಿತ್ತು, 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆಯಿಂದ ಲಾಭ ಕಾಣಲಿಲ್ಲ. ಅಷ್ಟೇ ಅಲ್ಲ, ನಿಮಗಾಗಿ ಖಂಡಿತ ಪ್ರಾರ್ಥನೆ ಆಗುತ್ತಿದೆ ಅಂತ ಗೊತ್ತಿದ್ದವರಲ್ಲಿ 59 ಶೇಕಡಾ ಜನರಿಗೆ ತೊಡಕಾಯಿತು, ಪ್ರಾರ್ಥನೆ ಆಗುತ್ತಿದ್ದರೂ ಅದು ಖಚಿತವಾಗಿ ಗೊತ್ತಿಲ್ಲದವರಲ್ಲಿ 52. ದೇವರನ್ನು ಹಾಗೆ ತಕ್ಕಡಿಗೆ ಹಾಕಲು ಬರುತ್ತದೆಯೇ, ಅದು ಬೇರೆ ಜಗಳ. ನನಗೆ ಕಚ್ಚಿದ್ದು ಆ 59. ಭಾನುವಾರ ಮೈಕಿನಲ್ಲಿ ಹೆಸರು ಕರೆದು ಪ್ರಾರ್ಥಿಸಿದರೆ ರೋಗಿಗೆ ಹೆದರಿಕೆ ಹುಟ್ಟಬಹುದು, ಅಲ್ವಾ? ನಮ್ಮಲ್ಲಿ ಒಂದು ವರ್ಷ ಹೆಸರು ಓದುವುದನ್ನು ನಿಲ್ಲಿಸಿದೆ. ಇಬ್ಬರು ಜಗಳಕ್ಕೇ ಬಂದರು, "ನಮ್ಮ ಅವ್ವನ ಹೆಸರು ಯಾಕ ಬಿಟ್ರಿ" ಅಂತ. ಈಗ ಓದಲೇ ಅಂತ ಮೊದಲು ಕೇಳಿ ಓದುತ್ತೇವೆ.

ಯಾರಿಗಾಗಿ ಪ್ರಾರ್ಥಿಸಿದೆವು, ಆಮೇಲೆ ಅವರು ಹೇಗಿದ್ದಾರೆ ಅಂತ ಬರೆದಿಡುವ ನೋಟ್‌ಬುಕ್ಕು ಮಾತ್ರ ಬಿಟ್ಟಿಲ್ಲ. ಫ್ರಾನ್ಸಿನ ಲೂರ್ದ್ ಯಾತ್ರಾಸ್ಥಳದಲ್ಲಿ ವಾಸಿಯಾಯಿತು ಅಂದವರನ್ನು ಕ್ಯಾಥೊಲಿಕರು ವೈದ್ಯರನ್ನೇ ಕೂರಿಸಿ ಪರೀಕ್ಷೆ ಮಾಡಿಸುತ್ತಾರೆ. 1858ರಿಂದ ಇಲ್ಲಿಯ ತನಕ ಸಭೆ ಪವಾಡ ಅಂತ ಒಪ್ಪಿದ್ದು 70 ಚಿಲ್ಲರೆ ಅಷ್ಟೇ. ನಮ್ಮಲ್ಲಿ ಮೈಕ್ ಹಿಡಿದವನೇ ವೈದ್ಯ. ನನ್ನ ಲೆಕ್ಕದಲ್ಲಿ ಇನ್ನೂರು ಹೆಸರು ದಾಟಿವೆ. ವಾಸಿಯಾದವರು ಅರವತ್ತರ ಮೇಲೆ, ಅವರಲ್ಲಿ ಮುಕ್ಕಾಲು ಜನ ಔಷಧಿ ತಗೊಂಡವರೇ. ತೀರಿಕೊಂಡವರು ನಲವತ್ತು. ಉಳಿದವರು ಹಾಗೇ ಇದ್ದಾರೆ. ಡಾಕ್ಟರೇ ತಲೆ ಅಲ್ಲಾಡಿಸಿ "ಹೇಗಾಯಿತೋ ಗೊತ್ತಿಲ್ಲ" ಅಂದದ್ದು ಮೂರು ಸಲ. ಆ ಮೂರನ್ನು ಎಲ್ಲೂ ಹೇಳಿಕೊಂಡಿಲ್ಲ, ಇಲ್ಲಿಯೂ ಬಿಡಿಸಿ ಹೇಳಲ್ಲ. ಹೇಳಿದರೆ ನಾಳೆಯೇ ಶಾಮಿಯಾನ ಕಟ್ಟುತ್ತಾರೆ.

ಎದ್ದು ಹೊರಡುವ ಮುಂಚೆ ರೋಗಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಅರ್ಧ ಕೆಲಸ ಅದರಲ್ಲೇ ಆಗುವುದು. ಅದು ಬೇಕಿದ್ದವರು ಒಂದು ಗುರುವಾರ ಜೊತೆಗೆ ಬರಲಿ.

ನೋಟ್‌ಬುಕ್ಕಿನ ಮೊದಲ ಹೆಸರು ನನ್ನ ಹೆಂಡತಿಯದು. "ಹಾಗೇ ಇದೆ" ಅಂತ ಬರೆದು ಬರೆದು ಕಾಲಂ ತುಂಬಿತು, ಹೋದ ತಿಂಗಳು ಇನ್ನೊಂದು ಹಾಳೆ ಅಂಟಿಸಿದೆ. ವಾರಕ್ಕೊಮ್ಮೆ ನುಂಗುವ ಮಾತ್ರೆ ನಡೆದಿದೆ. ರೊಟ್ಟಿ ನಾನೇ ಬಡಿಯುತ್ತೇನೆ. ದಪ್ಪ ಆಗುತ್ತವೆ ಅಂತ ಅವಳ ತಕರಾರು.