ಲೇಟೆಕ್ ಟೇಬಲ್‌ಗಳನ್ನು ವೆಬ್‌ಗೆ ಇಳಿಸಿದ ಬಗೆ: ನನ್ನ ಅನುಭವ

"ಡಿವಿಐ ಇಟ್ಕೊಂಡು ಈಗ ಯಾರ್ರೀ ಕೆಲಸ ಮಾಡ್ತಾರೆ?" ಅಂತ ನಕ್ಕವರೇ ಹೆಚ್ಚು. ಲೇಟೆಕ್ ಅಂದರೆ ಪ್ರಬಂಧ, ಪುಸ್ತಕಗಳನ್ನು ಆದೇಶಗಳಲ್ಲಿ ಬರೆದು ಅಚ್ಚಿಗೆ ಜೋಡಿಸುವ ವ್ಯವಸ್ಥೆ, ಅದರೊಳಗಿನ ಯಂತ್ರ ಟೆಕ್. ಟೆಕ್ ಹೊರಹಾಕುವ ಹಳೆಯ ಕಡತ ರೂಪವೇ ಡಿವಿಐ: ಪುಟದಲ್ಲಿ ಯಾವ ಅಕ್ಷರ ಎಲ್ಲಿ ಅನ್ನುವ ಪಟ್ಟಿ. ಅದೇ ದಾರಿಯಲ್ಲಿ ಈಗ ಹೆಚ್ಚುಕಡಿಮೆ 1,000 ಟೇಬಲ್‌ಗಳು ವೆಬ್ ಪುಟಗಳಾಗಿವೆ, ಹಾಗಾಗಿ ಬರೆಯುತ್ತಿದ್ದೇನೆ. 

ಎಲ್ಲರೂ ಮೊದಲು ಹೇಳುವುದು ಪಿಡಿಎಫ್‌ನಿಂದ ಎತ್ತಿ ಅಂತ. ಆದರೆ ಟ್ಯಾಗ್ ಮಾಡದ, ಅಂದರೆ ಒಳರಚನೆಯ ಗುರುತು ಹಾಕದ ಪಿಡಿಎಫ್‌ನಲ್ಲಿ ಟೇಬಲ್ ಅನ್ನುವುದೇ ಇರುವುದಿಲ್ಲ. ಅಕ್ಷರಗಳು, ಗೆರೆಗಳು, ಅವು ಕೂರುವ ಜಾಗ, ಅಷ್ಟೇ. ಪಿಡಿಎಫ್‌ನಿಂದ ಟೇಬಲ್ ಎತ್ತುವ ಕ್ಯಾಮೆಲಾಟ್ ತಂತ್ರಾಂಶದ ಲ್ಯಾಟಿಸ್ ವಿಧಾನಕ್ಕೆ ಗೆರೆ ಬೇಕು, ಲೇಟೆಕ್‌ನ ಬುಕ್‌ಟ್ಯಾಬ್ಸ್ ಪ್ಯಾಕೇಜ್ ಬಳಸಿದವರ ಟೇಬಲ್‌ನಲ್ಲಿ ಲಂಬ ಗೆರೆಯೇ ಇಲ್ಲ. ಅದರದೇ ಸ್ಟ್ರೀಮ್ ವಿಧಾನ ಖಾಲಿ ಜಾಗ ನೋಡಿ ಊಹೆ ಮಾಡುತ್ತದೆ. ಒಂದು ಕೋಶದಲ್ಲಿ ಮೂರು ಸಾಲು ಮಾತಿದ್ದರೆ ಮೂರು ರೋ (ಟೇಬಲ್‌ನ ಅಡ್ಡಸಾಲು) ಆಗಿ ಒಡೆದು ಕೊಡುತ್ತದೆ.

ಬೇರೆಯವರಿಂದ ಟೈಪ್ ಮಾಡಿಸಲು ರೇಟು ಕೇಳಿದೆ. ಟೇಬಲ್ ಲೆಕ್ಕದಲ್ಲಿ ಹೇಳಿದ್ದನ್ನು ಕೂಡಿಸಿದರೆ ಈ ಕೆಲಸಕ್ಕೆ ನನಗೆ ಬರುವ ಹಣದ ಮುಕ್ಕಾಲು ಭಾಗ ಅಲ್ಲೇ ಖಾಲಿ. ತಿದ್ದುಪಡಿಗೆ ಮತ್ತೆ ಬೇರೆ ದುಡ್ಡು. ಮಾದರಿಗೆ ಕೊಟ್ಟ ಹತ್ತಿಪ್ಪತ್ತು ಟೇಬಲ್‌ಗಳನ್ನು ಕೂತು ತಾಳೆ ನೋಡುವಷ್ಟರಲ್ಲಿ, ನಾನೇ ಟೈಪ್ ಮಾಡಿದ್ದರೆ ಮುಗಿದಿರುತ್ತಿತ್ತು.

ಆಮೇಲೆ ಲೇಟೆಕ್ ಮೂಲವನ್ನೇ ಓದುವ ದಾರಿ. ಒಂದು ಕಡತ ರೂಪವನ್ನು ಇನ್ನೊಂದಕ್ಕೆ ಬದಲಿಸುವ ಪಾಂಡಾಕ್‌ಗೆ 2020ರಿಂದ ಕೂಡಿಸಿದ ಕೋಶಗಳು ತಿಳಿಯುತ್ತವೆ, ಸರಳ ಟೇಬಲ್‌ಗಳಿಗೆ ಈಗಲೂ ಅದನ್ನೇ ಬಳಸಿ. ಲೇಟೆಕ್ಕನ್ನು ವೆಬ್ ರೂಪಕ್ಕೆ ತರುವ ಲೇಟೆಕ್‌ಎಂಎಲ್ ಇನ್ನೂ ಗಟ್ಟಿ; ಪ್ರಬಂಧ ಸಂಗ್ರಹ ತಾಣ ಆರ್‌ಕೈವ್‌ನವರು 2023ರ ಕೊನೆಯಿಂದ ಪ್ರಬಂಧಗಳ ಎಚ್‌ಟಿಎಂಎಲ್ (ವೆಬ್ ಪುಟದ ರೂಪ) ಕೊಡುತ್ತಿರುವುದು ಅದರಿಂದಲೇ. ಆದರೆ ನನ್ನ ಲೇಖಕರು ತಮ್ಮದೇ ಮ್ಯಾಕ್ರೋ (ತಾವೇ ಕಟ್ಟಿಕೊಂಡ ಆದೇಶ), ಅದರೊಳಗೊಂದು ಮ್ಯಾಕ್ರೋ, ರೋ ಪೂರ್ತಿ ಒಂದೇ ಆದೇಶದಲ್ಲಿ ಬರೆದವರು. ಅದನ್ನೆಲ್ಲ ಬಿಡಿಸಬಲ್ಲದ್ದು ಟೆಕ್ ಒಂದೇ. ಹಾಗಾದರೆ ಟೆಕ್‌ನ ಕೈಯಲ್ಲೇ ಯಾಕೆ ಹೇಳಿಸಬಾರದು?

ಲೇಟೆಕ್‌ನ ಅರೇ ಪ್ಯಾಕೇಜ್‌ನಲ್ಲಿ ಕಾಲಮ್‌ನ ಹಿಂದೆ ಮುಂದೆ ಏನನ್ನಾದರೂ ತುರುಕುವ ಸೌಲಭ್ಯ ಇದೆಯಲ್ಲ, ಅಲ್ಲಿ ಒಂದೊಂದು ಸ್ಪೆಷಲ್ (ಪುಟದಲ್ಲಿ ಕಾಣದೆ ಡಿವಿಐಗೆ ಸೇರುವ ಗುರುತು) ಇಟ್ಟೆ: ಕೋಶ ಶುರು, ಕೋಶ ಮುಗಿಯಿತು. ಡಿವಿಐ ಮಾಡಿ, ಅದನ್ನು ಓದಬಲ್ಲ ಪಠ್ಯವಾಗಿ ಬಿಚ್ಚುವ ಡಿವಿಟೈಪ್‌ಗೆ ಕೊಟ್ಟರೆ ಗುರುತುಗಳ ನಡುವೆ ಕೋಶದ ಪಠ್ಯ ಸಾಲಾಗಿ ಬರುತ್ತದೆ. ಒಂದು ಕೋಶ ಎಷ್ಟೇ ಸಾಲಿನದಿರಲಿ, ಅದು ಪೂರ್ತಿ ಮುಗಿದ ಮೇಲೆಯೇ ಪಕ್ಕದ್ದು. ಲೇಟೆಕ್ಕನ್ನು ಎಚ್‌ಟಿಎಂಎಲ್ ಮಾಡುವ ಟೆಕ್‌ಫೋರ್‌ಎಚ್‌ಟಿ ಬಹಳ ಹಿಂದಿನಿಂದ ಸ್ಪೆಷಲ್ ನಂಬಿಯೇ ನಡೆಯುತ್ತಿದೆ, ಉಪಾಯ ನನ್ನ ತಲೆಯದೇ ಅಂತ ಹೇಳಿಕೊಳ್ಳುವುದಿಲ್ಲ. ಕೋಶಗಳನ್ನು ಅಡ್ಡಕ್ಕೆ ಕೂಡಿಸುವ ಮಲ್ಟಿಕಾಲಮ್ ಆದೇಶ ಮಾತ್ರ ಕಾಲಮ್‌ನಲ್ಲಿ ತುರುಕಿದ್ದನ್ನು ಕಿತ್ತೆಸೆಯುತ್ತದೆ, ಅದನ್ನು ಹೊಸದಾಗಿ ಬರೆದು ತನ್ನ ಅಗಲ ತಾನೇ ಹೇಳುವಂತೆ ಮಾಡಬೇಕು.

ನಿಜವಾದ ಲಾಭ ಗೊತ್ತಾದದ್ದು ದಶಮಾಂಶದಲ್ಲಿ. ಹಳಬರು ಚುಕ್ಕೆ ಒಂದರ ಕೆಳಗೊಂದು ಬರಲಿ ಅಂತ ಸಂಖ್ಯೆಯನ್ನೇ ಎರಡು ಕಾಲಮ್ ಮಾಡುತ್ತಾರೆ: ಎಡಕ್ಕೆ 3, ಬಲಕ್ಕೆ 14, ನಡುವಿನ ಚುಕ್ಕೆ ಕಾಲಮ್ ವಿವರಣೆಯಲ್ಲಿ. ನಾನು ಬರೆದಿದ್ದ ಹಳೆಯ ಸ್ಕ್ರಿಪ್ಟ್ ಇದನ್ನು ಓದಿ 3 ಒಂದು ಕೋಶ, 14 ಇನ್ನೊಂದು ಕೋಶ ಅಂತ ಕೊಡುತ್ತಿತ್ತು, ಚುಕ್ಕೆ ಮಾಯ. ಡಿವಿಐನಲ್ಲಾದರೆ ಆ ಚುಕ್ಕೆ ಮೊದಲ ಕೋಶದ ಮುಕ್ತಾಯಕ್ಕೂ ಎರಡನೆಯದರ ಆರಂಭಕ್ಕೂ ನಡುವೆ ಸಿಕ್ಕಿಬೀಳುತ್ತದೆ. ಎರಡು ಗುರುತುಗಳ ನಡುವೆ ಅಕ್ಷರ ಕಂಡರೆ ಆ ಕೋಶಗಳನ್ನು ಬೆಸೆ, ಇದೊಂದೇ ನಿಯಮ. 10–20 ಎಂಬ ವ್ಯಾಪ್ತಿಗಳು, ಕೂಡು-ಕಳೆ ಚಿಹ್ನೆಯ ಕಾಲಮ್‌ಗಳು ಕೂಡ ಅದರಲ್ಲೇ ಸರಿಹೋದವು.

ಕೋಶಗಳನ್ನು ಮೇಲಿಂದ ಕೆಳಕ್ಕೆ ಕೂಡಿಸುವ ಮಲ್ಟಿರೋ ಆದೇಶ ತಲೆ ತಿಂದಿತು. ಕೆಳಗಿನ ಖಾಲಿ ಕೋಶಗಳನ್ನು ಅಳಿಸದಿದ್ದರೆ ಬ್ರೌಸರ್‌ನಲ್ಲಿ ಇಡೀ ರೋ ಬಲಕ್ಕೆ ಜಾರುತ್ತದೆ. ಬಣ್ಣದ ರೋ ಬಳಸುವವರು ಋಣ ಸಂಖ್ಯೆ ಕೊಟ್ಟು ಕೊನೆಯ ರೋನಲ್ಲಿ ಬರೆದು ಮೇಲಕ್ಕೆ ಬೆಳೆಸುತ್ತಾರೆ. ಅಂಥ ಕಡೆ ಪಠ್ಯವನ್ನು ಮೇಲಿನ ರೋಗೆ ಎತ್ತಿ ರೋಸ್ಪ್ಯಾನ್ (ಕೋಶ ಎಷ್ಟು ರೋ ಹಬ್ಬಬೇಕು ಅನ್ನುವ ಎಚ್‌ಟಿಎಂಎಲ್ ಸೂಚನೆ) ಕೊಡಬೇಕು.

ನಡುವೆ ಬೇರೆ ಆಟಗಳೂ ಆದವು. ಡಿವಿಐಯನ್ನು ಚಿತ್ರವಾಗಿಸುವ ಡಿವಿಐಎಸ್‌ವಿಜಿಎಂನಿಂದ ಎಸ್‌ವಿಜಿ ಚಿತ್ರ ಮಾಡಿ ನೋಡಿದೆ: ಅಚ್ಚಿನಂತೆಯೇ ಚಂದ, ಫೋನಿನಲ್ಲಿ ಇರುವೆ ಗಾತ್ರ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಟೇಬಲ್ಲೇ ಅಲ್ಲ. ಎಐಗೆ ಚಿತ್ರ ತೋರಿಸಿದೆ. ಖಾಲಿ ಬಿಟ್ಟಿದ್ದ ಕೋಶಕ್ಕೆ ಸುತ್ತಲಿನದಕ್ಕೆ ಹೊಂದುವ ಸಂಖ್ಯೆಯೊಂದನ್ನು ತಾನೇ ತುಂಬಿ ಕೊಟ್ಟಿತು. ಅಲ್ಲಿಗೆ ಅದನ್ನು ಬಿಟ್ಟೆ. ಬ್ರೌಸರ್‌ನಲ್ಲಿ ಚುಕ್ಕೆ ಸಾಲಾಗಿಸಲು ಎಚ್‌ಟಿಎಂಎಲ್ 4ರಲ್ಲಿ ಒಂದು ಗುಣ ಇತ್ತು, ಬ್ರೌಸರ್‌ಗಳು ಅದನ್ನು ಕ್ಯಾರೇ ಅನ್ನಲಿಲ್ಲ. ನಾನು ಬಲಕ್ಕೆ ಜೋಡಿಸಿ, ಕಡಿಮೆ ಅಂಕಿ ಇದ್ದಲ್ಲಿ ಅಂಕಿಯಷ್ಟೇ ಅಗಲದ ಫಿಗರ್ ಸ್ಪೇಸ್ ಹಾಕಿ, ಸಮ ಅಗಲದ ಅಂಕಿಗಳನ್ನು ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ಅಂದ ಹೇಳುವ ಭಾಷೆ) ಕೇಳುತ್ತೇನೆ. ಚುಕ್ಕೆಯೇ ಇಲ್ಲದ ಸಂಖ್ಯೆಗೆ ಚುಕ್ಕೆಯಷ್ಟೇ ಅಗಲದ ಪಂಕ್ಚುಯೇಶನ್ ಸ್ಪೇಸ್ ಕೂಡ ಬೇಕು.

ತಾಳೆ ನೋಡುವುದೂ ಈಗ ಯಂತ್ರದ್ದೇ ಕೆಲಸ. ಪ್ರಕಟವಾದ ಪಿಡಿಎಫ್‌ನಿಂದ ಆ ಟೇಬಲ್‌ನ ಸಂಖ್ಯೆಗಳನ್ನೆಲ್ಲ ಎತ್ತಿ, ಏರಿಕೆ ಕ್ರಮದಲ್ಲಿ ಜೋಡಿಸಿ, ಎಚ್‌ಟಿಎಂಎಲ್‌ನ ಸಂಖ್ಯೆಗಳ ಪಟ್ಟಿಗೆ ಹೋಲಿಸುತ್ತದೆ. ವ್ಯತ್ಯಾಸ ಬಂದರೆ ಮಾತ್ರ ನಾನು ಕಣ್ಣು ಹಾಯಿಸುವುದು. ಅದು ಜಾಗ ಬದಲಾದದ್ದನ್ನು ಹಿಡಿಯುವುದಿಲ್ಲ, ಆದ್ದರಿಂದ ಪ್ರತಿ ರೋನ ಕೋಶಗಳನ್ನೂ ಎಣಿಸುತ್ತೇನೆ.

ಡಿವಿಐನಲ್ಲಿ ಸ್ಪೇಸ್ ಅನ್ನುವ ಅಕ್ಷರವಿಲ್ಲ, ಸರಿದ ದೂರ ಮಾತ್ರ. ಎಷ್ಟು ಸರಿದರೆ ಹೊಸ ಪದ ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು. ಟೇಬಲ್‌ನೊಳಗೆ ಟೇಬಲ್ ಇಟ್ಟವರದ್ದನ್ನು ಇವತ್ತಿಗೂ ಕೈಯಲ್ಲೇ ಮಾಡುತ್ತೇನೆ. ನೂರಕ್ಕೆ ಎರಡೋ ಮೂರೋ ಅಂಥವು ಬರುತ್ತವೆ, ಅವಕ್ಕೆ ರೇಟು ಬೇರೆ.