ಲಿನಕ್ಸ್ ವಿಎಂಗೆ ಬ್ರಿಡ್ಜ್, ಫೈರ್‌ವಾಲ್: ಪ್ಯಾಕೆಟ್ ಹೋಗುವ ದಾರಿ ಮೊದಲು ನೋಡಿ

ವಿಎಂ (ಕಂಪ್ಯೂಟರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್) ಓಡುತ್ತಿದೆ, ಅದರೊಳಗೆ ವೆಬ್ ಸರ್ವರ್ ಕೂಡ ಇದೆ. ಅದನ್ನು ಓಡಿಸುತ್ತಿರುವ ಅಸಲಿ ಕಂಪ್ಯೂಟರಿನಿಂದ, ಅಂದರೆ ಹೋಸ್ಟ್‌ನಿಂದ ನೋಡಿದರೆ ಪುಟ ತೆರೆಯುತ್ತದೆ, ಪಕ್ಕದ ಕಂಪ್ಯೂಟರಿನಿಂದ ತೆರೆಯುವುದಿಲ್ಲ. ಆಗ ತುಂಬಾ ಜನ ಮೊದಲು ಫೈರ್‌ವಾಲ್ ಆಫ್ ಮಾಡುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಸಾಗುವ ಡೇಟಾ ತುಣುಕು) ಯಾವ ದಾರಿಯಲ್ಲಿ ಬರುತ್ತಿದೆ? ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಸೌಲಭ್ಯ) ಮತ್ತು ಲಿಬ್‌ವರ್ಟ್ (ವಿಎಂಗಳನ್ನು ನಿರ್ವಹಿಸುವ ಸಾಫ್ಟ್‌ವೇರ್) ಬಳಸುವವರಿಗೆ ಆ ದಾರಿ ಹುಡುಕುವ ಕ್ರಮ ಇಲ್ಲಿದೆ.

1. ನಿಮ್ಮದು ನ್ಯಾಟ್ ಅಥವಾ ಬ್ರಿಡ್ಜ್?

ವಿಎಂ ಒಳಗೆ ಐಪಿ ವಿಳಾಸ ನೋಡಿ. 192.168.122 ಅಂತ ಶುರುವಾದರೆ ಅದು ಬಹುತೇಕ ಲಿಬ್‌ವರ್ಟ್ ತಾನೇ ಕೊಡುವ ಡೀಫಾಲ್ಟ್ ನೆಟ್‌ವರ್ಕ್, ಅಂದರೆ ನ್ಯಾಟ್: ವಿಎಂ ಹೋಸ್ಟ್‌ನ ವಿಳಾಸದ ಮರೆಯಲ್ಲಿ ಹೊರಗೆ ಹೋಗುವ ವ್ಯವಸ್ಥೆ. ಇದರಲ್ಲಿ ವಿಎಂ ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ. ಬ್ರಿಡ್ಜ್ ಆದರೆ ವಿಎಂಗೆ ನಿಮ್ಮ ರೂಟರೇ ವಿಳಾಸ ಕೊಡುತ್ತದೆ. ನೆಟ್‌ವರ್ಕಿನ ಕಣ್ಣಿಗೆ ಅದು ಇನ್ನೊಂದು ಕಂಪ್ಯೂಟರ್, ಅಷ್ಟೇ.

ಸುಮ್ನೆ ಏನೋ ಪ್ರಯೋಗ ಮಾಡಲು ವಿಎಂ ಬೇಕಿದ್ದರೆ ನ್ಯಾಟ್ ಸಾಕು. ಬ್ರಿಡ್ಜ್ ಗೋಜಿಗೆ ಹೋಗಬೇಡಿ. ವೈಫೈ ಮೇಲಂತೂ ಬ್ರಿಡ್ಜ್ ಸಾಮಾನ್ಯವಾಗಿ ನಡೆಯುವುದೇ ಇಲ್ಲ. ತನ್ನ ಜೊತೆ ಕನೆಕ್ಟ್ ಆದ ಮ್ಯಾಕ್ ವಿಳಾಸವನ್ನಷ್ಟೇ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ವೈಫೈ ಆಕ್ಸೆಸ್ ಪಾಯಿಂಟ್ ಒಪ್ಪುತ್ತದೆ, ವಿಎಂಗೆ ತನ್ನದೇ ಬೇರೆ ಮ್ಯಾಕ್ ಇರುತ್ತದೆ.

2. ಬ್ರಿಡ್ಜ್ ಕಟ್ಟುವುದು

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ದಾರಿ) ಕೂತು ಈ ಕೆಲಸ ಮಾಡಿದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ನೆಟ್‌ವರ್ಕ್ ಇಲ್ಲದಿದ್ದರೂ ಒಳಗೆ ಹೋಗಲು ಬೇರೆ ಕನ್ಸೋಲ್ ದಾರಿ ಇಟ್ಟುಕೊಳ್ಳಿ.

ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಬ್ರಿಡ್ಜ್ ಬಗೆಯ ಹೊಸ ಕನೆಕ್ಷನ್ ಸೇರಿಸಿ, ಬಿಆರ್0 ಅಂತ ಹೆಸರಿಡಿ. ಆಮೇಲೆ ಈಥರ್ನೆಟ್ ಕಾರ್ಡನ್ನು ಅದರ ಪೋರ್ಟ್ ಆಗಿ ಸೇರಿಸಿ. ಕಾರ್ಡಿನ ಹಳೆಯ ಕನೆಕ್ಷನ್‌ನಲ್ಲಿ ಆಟೋಕನೆಕ್ಟ್ ತೆಗೆದು, ಬಿಆರ್0 ಅನ್ನು ಮೇಲೆಬ್ಬಿಸಿ. ಎಡವುವುದು ಐಪಿ ವಿಷಯದಲ್ಲಿ: ಇನ್ನು ಮುಂದೆ ಹೋಸ್ಟ್‌ನ ವಿಳಾಸ ಇರಬೇಕಾದ್ದು ಬಿಆರ್0 ಮೇಲೆ, ಕಾರ್ಡಿನ ಮೇಲಲ್ಲ.

ಇನ್ನೊಂದು ತೊಡಕು ಎಸ್‌ಟಿಪಿ, ಅಂದರೆ ಪ್ಯಾಕೆಟ್ ಸುತ್ತು ಹೊಡೆಯುತ್ತಲೇ ಇರುವುದನ್ನು ತಡೆಯುವ ವ್ಯವಸ್ಥೆ. ನೆಟ್‌ವರ್ಕ್ ಮ್ಯಾನೇಜರ್ ಇದನ್ನು ತಾನಾಗಿಯೇ ಆನ್ ಮಾಡಿರುತ್ತದೆ. ಆಗ ಹೊಸ ಪೋರ್ಟ್ 15 ಸೆಕೆಂಡಿನ 2 ಹಂತ ಕಾಯುತ್ತದೆ. ಅಷ್ಟರಲ್ಲಿ ವಿಎಂ ಡಿಎಚ್‌ಸಿಪಿಯಲ್ಲಿ ಐಪಿ ವಿಳಾಸ ಕೇಳಿ ಕೇಳಿ ಸುಮ್ಮನಾಗಿರಬಹುದು. ಹೊರಗೆ ಹೋಗುವ ಕೇಬಲ್ ಒಂದೇ ಇದ್ದರೆ ಎಸ್‌ಟಿಪಿ ಆಫ್ ಮಾಡಿ.

3. ವಿಎಂ ಅನ್ನು ಅದಕ್ಕೆ ಸೇರಿಸುವುದು

ವಿಎಂನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಬಗೆ ಬ್ರಿಡ್ಜ್, ಮೂಲ ಬಿಆರ್0, ಮಾಡೆಲ್ ವರ್ಟಿಯೋ (ವಿಎಂಗಳಿಗೆಂದೇ ಮಾಡಿದ ಕಾರ್ಡ್ ಬಗೆ) ಅಂತ ಕೊಡಿ. ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಿ. ಒಳಗಿನಿಂದ ರೀಬೂಟ್ ಕೊಟ್ಟರೆ ಬದಲಾವಣೆ ಬರುವುದಿಲ್ಲ.

4. ಈಗ ಫೈರ್‌ವಾಲ್

ನಿಯಮ ಕೂರುವ ಜಾಗ ಮೂರು. ಹೋಸ್ಟ್‌ಗೇ ಬಂದ ಪ್ಯಾಕೆಟ್ ಇನ್‌ಪುಟ್ ಸರಪಳಿಗೆ (ಸಾಲಾಗಿ ಪರಿಶೀಲಿಸುವ ನಿಯಮಗಳ ಪಟ್ಟಿ) ಹೋಗುತ್ತದೆ. ಹೋಸ್ಟ್ ಮೂಲಕ ಮುಂದೆ ಸಾಗುವುದು ಫಾರ್ವರ್ಡ್ ಸರಪಳಿಗೆ. ಮೂರನೆಯದು ವಿಎಂನ ಸ್ವಂತ ಫೈರ್‌ವಾಲ್. ವಿಎಂಗೆ ಹೋಗುವ ಟ್ರಾಫಿಕ್‌ಗೆ ಇನ್‌ಪುಟ್‌ನಲ್ಲಿ ಪೋರ್ಟ್ ತೆರೆದು ಕೂತರೆ ಎಷ್ಟು ನಿಯಮ ಬರೆದರೂ ಪ್ರಯೋಜನವಿಲ್ಲ.

ನ್ಯಾಟ್‌ನಲ್ಲಿ ಹೋಸ್ಟ್‌ನ 8080 ಪೋರ್ಟ್‌ಗೆ ಬಂದದ್ದನ್ನು 192.168.122.50ರ 80ನೇ ಪೋರ್ಟ್‌ಗೆ ಕಳಿಸಬೇಕು ಅಂದುಕೊಳ್ಳಿ. ಮೊದಲು ಆ ವಿಳಾಸವನ್ನು ವಿಎಂಗೆ ಕಾಯಂ ಮಾಡಿ. ಆಮೇಲೆ ಪ್ರೀರೂಟಿಂಗ್‌ನಲ್ಲಿ (ಪ್ಯಾಕೆಟ್ ಒಳಬಂದ ಕೂಡಲೇ ಹಾಯುವ ಸರಪಳಿ) ಡಿಎನ್‌ಎಟಿ ನಿಯಮ (ತಲುಪಬೇಕಾದ ವಿಳಾಸ ಬದಲಿಸುವುದು), ಫಾರ್ವರ್ಡ್‌ನಲ್ಲಿ ಅನುಮತಿ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಹೊರಗಿನಿಂದ ಬರುವ ಹೊಸ ಕನೆಕ್ಷನ್‌ಗಳನ್ನು ತಿರಸ್ಕರಿಸುವ ನಿಯಮವನ್ನು ಲಿಬ್‌ವರ್ಟ್ ಹಾಕಿರುತ್ತದೆ. ಫೈರ್‌ವಾಲ್ ನಿಯಮಗಳನ್ನು ಐಪಿಟೇಬಲ್ಸ್ ಎಂಬ ಹಳೆಯ ಸಾಧನದಲ್ಲಿ ಬರೆದಿದ್ದರೆ ನಿಮ್ಮ ಅನುಮತಿ ಅದಕ್ಕಿಂತ ಮೇಲಿರಬೇಕು.

ಅದರ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್‌ನ ಕಥೆ ಬೇರೆ. 2024ರಲ್ಲಿ ಬಂದ ಲಿಬ್‌ವರ್ಟ್ 10.4 ಆವೃತ್ತಿಯಿಂದ ಇದನ್ನು ನೇರವಾಗಿ ಬಳಸಬಹುದು. ಇಲ್ಲಿ ಒಂದು ಟೇಬಲ್‌ನಲ್ಲಿ (ಸರಪಳಿಗಳ ಗುಂಪು) ಕೊಟ್ಟ ಅನುಮತಿ ಆ ಸರಪಳಿಗೆ ಮಾತ್ರ. ಬೇರೆ ಟೇಬಲ್ ತಡೆದರೆ ಪ್ಯಾಕೆಟ್ ಅಲ್ಲೇ ಸತ್ತಿತು. ನೀವು ಹೊಸ ಟೇಬಲ್ ಮಾಡಿ ಅದರಲ್ಲಿ ಎಷ್ಟೇ ಅನುಮತಿ ಬರೆದರೂ ಲಿಬ್‌ವರ್ಟ್ ಹಾಕಿದ ತಡೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಸರಳ ದಾರಿ ಅಂದರೆ ಆ ನೆಟ್‌ವರ್ಕಿನ ಫಾರ್ವರ್ಡ್ ಮೋಡ್ ಅನ್ನು ಓಪನ್ ಮಾಡುವುದು. ಆಗ ಲಿಬ್‌ವರ್ಟ್ ಫೈರ್‌ವಾಲ್‌ಗೆ ಕೈ ಹಾಕುವುದಿಲ್ಲ. ಮಾಸ್ಕರೇಡ್ (ಹೊರಹೋಗುವ ಪ್ಯಾಕೆಟ್‌ಗೆ ಹೋಸ್ಟ್‌ನ ವಿಳಾಸ ಹಚ್ಚುವುದು) ಸೇರಿ ಎಲ್ಲ ನಿಯಮ ನೀವೇ ಬರೆಯಬೇಕು, ಆದರೆ ಎಲ್ಲವೂ ಒಂದೇ ಕಡೆ ಕಾಣುತ್ತದೆ. ಪರೀಕ್ಷೆಯನ್ನು ಬೇರೆ ಕಂಪ್ಯೂಟರಿನಿಂದಲೇ ಮಾಡಿ. ಹೋಸ್ಟ್‌ನಲ್ಲೇ ಹುಟ್ಟಿದ ಪ್ಯಾಕೆಟ್ ಪ್ರೀರೂಟಿಂಗ್ ದಾಟಿ ಬರುವುದಿಲ್ಲ.

ಬ್ರಿಡ್ಜ್‌ನಲ್ಲಿ ಪ್ಯಾಕೆಟ್ ಈಥರ್ನೆಟ್ ಮಟ್ಟದಲ್ಲೇ ದಾಟಿಹೋಗುತ್ತದೆ. ಹೋಸ್ಟ್‌ನ ಐಪಿ ನಿಯಮಗಳಿಗೆ ಅದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹಾಗಾಗಿ ಕಾವಲು ವಿಎಂ ಒಳಗೇ ಇರಬೇಕು.

ಆದರೆ ಅದೇ ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್‌ಗಳನ್ನು, ಅಂದರೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂಗಳನ್ನು ನಡೆಸುವ ಸಾಧನ) ಹಾಕಿದ ದಿನವೇ ವಿಎಂ ನೆಟ್ ನಿಂತುಹೋಯಿತಾ? ಡಾಕರ್ ಫಾರ್ವರ್ಡ್ ಸರಪಳಿಯ ಡೀಫಾಲ್ಟ್ ಅನ್ನು ‘ಡ್ರಾಪ್’ಗೆ, ಅಂದರೆ ಅನುಮತಿ ಇಲ್ಲದ್ದನ್ನು ಎಸೆಯುವುದಕ್ಕೆ, ಬದಲಿಸುವುದುಂಟು. ಜೊತೆಗೆ ಬಿಆರ್-ನೆಟ್‌ಫಿಲ್ಟರ್ ಕರ್ನಲ್ ಮಾಡ್ಯೂಲ್ ಲೋಡ್ ಆಗಿದ್ದರೆ ಬ್ರಿಡ್ಜ್ ಟ್ರಾಫಿಕ್ ಕೂಡ ಅದೇ ಸರಪಳಿಗೆ ಸಿಕ್ಕಿಬೀಳುತ್ತದೆ. ಡಾಕರ್-ಯೂಸರ್ ಸರಪಳಿಯಲ್ಲಿ ಬಿಆರ್0ನಿಂದ ಬಿಆರ್0ಗೆ ಹೋಗುವುದಕ್ಕೆ ಅನುಮತಿ ಕೊಡಿ. ಮಾಡ್ಯೂಲನ್ನೇ ತೆಗೆಯುವುದು ಸುಲಭ ಅನ್ನಿಸಬಹುದು, ಆದರೆ ಕಂಟೇನರ್‌ಗಳ ನಡುವಿನ ತಡೆ ಅದನ್ನು ನೆಚ್ಚಿಕೊಂಡಿರಬಹುದು.

5. ಎಲ್ಲಿ ಕಳೆದುಹೋಯಿತು?

ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ಮೊದಲು ಈಥರ್ನೆಟ್ ಕಾರ್ಡಿನ ಮೇಲೆ, ಆಮೇಲೆ ಬ್ರಿಡ್ಜ್, ವಿನೆಟ್0 (ವಿಎಂನ ನೆಟ್‌ವರ್ಕಿಗೆ ಹೋಸ್ಟ್ ಕಡೆಯ ತುದಿ), ಕೊನೆಗೆ ವಿಎಂ ಒಳಗೆ ಓಡಿಸಿ. ಕಾರ್ಡಿನಲ್ಲಿ ಕಂಡದ್ದು ವಿನೆಟ್0ನಲ್ಲಿ ಇಲ್ಲ ಅಂದರೆ ತಡೆ ಹೋಸ್ಟ್‌ನಲ್ಲಿದೆ. ವಿಎಂ ಒಳಗೆ ಬಂದೂ ಪುಟ ತೆರೆಯುತ್ತಿಲ್ಲ ಅಂದರೆ ವಿಎಂನದೇ ಫೈರ್‌ವಾಲ್ ನೋಡಿ, ಇಲ್ಲವೇ ಆ ಸರ್ವರ್ 127.0.0.1ರಲ್ಲಿ (ವಿಎಂ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕೇಳುತ್ತಿರಬಹುದು.

ಎಲ್ಲ ಸರಿಹೋದ ಮೇಲೆ ನಿಯಮ ಉಳಿಸಿ. ಉಳಿಸುವಾಗ ನಿಮ್ಮ ಟೇಬಲ್ ಮಾತ್ರ ಫೈಲ್‌ನಲ್ಲಿರಲಿ. ಕೆಲವು ಲಿನಕ್ಸ್ ಡಿಸ್ಟ್ರೋಗಳ ಎನ್‌ಎಫ್‌ಟೇಬಲ್ಸ್ ಫೈಲ್‌ನ ಮೊದಲ ಸಾಲೇ ಇರುವ ನಿಯಮಗಳನ್ನೆಲ್ಲ ಅಳಿಸು ಅನ್ನುತ್ತದೆ. ಅದನ್ನು ಹಾಗೇ ಬಿಟ್ಟು ರೀಲೋಡ್ ಮಾಡಿದರೆ ಲಿಬ್‌ವರ್ಟ್ ಹಾಕಿದ್ದೂ ಅಳಿಸಿಹೋಗುತ್ತದೆ, ನ್ಯಾಟ್ ವಿಎಂಗಳು ಹೊರಗೆ ಹೋಗುವುದು ನಿಲ್ಲುತ್ತದೆ. ಆ ಸಾಲಿನ ಬದಲು ನಿಮ್ಮ ಟೇಬಲ್ ಒಂದನ್ನೇ ಅಳಿಸುವ ಸಾಲು ಬರೆಯಿರಿ.