ಮೊದಲ ಸಂಬಳ, ಮೊದಲ ಕಾರು: ಇನ್ಶೂರೆನ್ಸ್‌ಗೆ ದುಡ್ಡು ಹೊಂದಿಸೋದು ಹೇಗೆ

ಕಾಲೇಜ್ ಮುಗಿಸಿ ಕೆಲಸಕ್ಕೆ ಸೇರಿ ಸೆಕೆಂಡ್ ಹ್ಯಾಂಡ್ ಕಾರ್ ತಗೊಳೋರು ಇಎಂಐ, ಪೆಟ್ರೋಲ್ ಎಲ್ಲಾ ಲೆಕ್ಕ ಹಾಕಿರ್ತಾರೆ, ಇನ್ಶೂರೆನ್ಸ್ ಮಾತ್ರ ರಿನ್ಯೂವಲ್ ಮೆಸೇಜ್ ಬಂದಾಗ್ಲೇ ನೆನಪಾಗೋದು. ಅಡ್ವಾನ್ಸ್ ಕೊಡೋ ಮುಂಚೇನೆ ಆ ಗಾಡಿ ನಂಬರ್ ಹಾಕಿ ಎರಡ್ಮೂರು ಕಂಪ್ನಿ ಕೋಟ್ ತೆಗ್ದು ನೋಡಿ.

ಥರ್ಡ್ ಪಾರ್ಟಿ, ಅಂದ್ರೆ ನಿಮ್ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟ ಕವರ್ ಮಾಡೋ ಭಾಗ, ಅದರ ರೇಟ್ ಸರ್ಕಾರವೇ ಫಿಕ್ಸ್ ಮಾಡೋದು, ಚೌಕಾಸಿ ನಡೆಯಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ರೇಟ್ ಪ್ರಕಾರ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕಿಂತ ದೊಡ್ಡ ಇಂಜಿನ್‌ಗೆ 7,897, ಮೇಲೆ 18% ಜಿಎಸ್‌ಟಿ. ಹಾಗಾಗಿ ಬಜೆಟ್ ಟೈಟ್ ಇದ್ರೆ ಚಿಕ್ಕ ಇಂಜಿನ್ ನೋಡಿ.

ಉಳಿಸೋಕೆ ಜಾಗ ಇರೋದು ಓನ್ ಡ್ಯಾಮೇಜ್ (ನಿಮ್ ಕಾರಿಗೇ ಆಗೋ ನಷ್ಟದ) ಭಾಗದಲ್ಲಿ, ಮೋಸ ಹೋಗೋದೂ ಅಲ್ಲೇ. ಪ್ರೀಮಿಯಂ ಕಮ್ಮಿ ಕಾಣ್ಲಿ ಅಂತ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿರೋ ಬೆಲೆ) ಇಳಿಸಿರ್ತಾರೆ, ನಾಳೆ ಕಾರ್ ಕಳುವಾದ್ರೆ ಕೈಗೆ ಬರೋದು ಆ ಐಡಿವಿ ಲೆಕ್ಕದಲ್ಲೇ, ಅದಕ್ಕೆ ಎಲ್ಲಾ ಕೋಟ್‌ಗೂ ಒಂದೇ ಐಡಿವಿ ಇಟ್ಟು ಹೋಲಿಸಿ. ಝೀರೋ ಡೆಪ್ (ಪಾರ್ಟ್ ಹಳೇದಾಯ್ತು ಅಂತ ಕ್ಲೇಮ್ ದುಡ್ಡಲ್ಲಿ ಕಟ್ ಮಾಡದಿರೋ ಆಡ್-ಆನ್) ಇಲ್ದೆ ಇದ್ರೆ ಬಂಪರ್ ತರದ ಪ್ಲಾಸ್ಟಿಕ್ ಪಾರ್ಟ್ ಬೆಲೆಯಲ್ಲಿ ಅರ್ಧ ನಿಮ್ ಜೇಬಿಂದಾನೇ ಹೋಗತ್ತೆ. ಬೆಂಗಳೂರಲ್ಲಿ ಗಾಡಿ ಓಡ್ಸೋರು ಇಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಇಂಜಿನ್ ಕೆಟ್ರೆ ಕವರ್ ಮಾಡೋ ಆಡ್-ಆನ್) ದಯವಿಟ್ಟು ಬಿಡ್ಬೇಡಿ, 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಕಾರ್‌ಗಳು ನೀರಲ್ಲಿ ಮುಳುಗಿದ್ದು ಎಲ್ರೂ ನೋಡಿದೀವಿ. ನೀರಲ್ಲಿ ನಿಂತ ಗಾಡಿನ ಸ್ಟಾರ್ಟ್ ಮಾಡೋಕೆ ಹೋಗಿ ಇಂಜಿನ್ ಕೆಟ್ರೆ ಮಾಮೂಲಿ ಪಾಲಿಸಿಯವರು ಸಾಮಾನ್ಯವಾಗಿ ಕೊಡಲ್ಲ.

ಕಟ್ ಮಾಡ್ಬಹುದಾದ್ದೂ ಇದೆ. ನಿಮ್ ಹೆಸರಲ್ಲಿ ಆಗ್ಲೇ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದ್ರೆ ಇಲ್ಲಿ ಮತ್ತೆ ತಗೊಳ್ಬೇಕಿಲ್ಲ. ವಾಲಂಟರಿ ಡಿಡಕ್ಟಿಬಲ್ (ಕ್ಲೇಮ್ ಬಂದಾಗ ಇಷ್ಟು ದುಡ್ಡು ನಾನೇ ಹಾಕ್ತೀನಿ ಅಂತ ಒಪ್ಕೊಳೋದು) ಹಾಕ್ಸಿದ್ರೂ ಪ್ರೀಮಿಯಂ ಇಳಿಯತ್ತೆ, ಆದ್ರೆ ಅಷ್ಟು ದುಡ್ಡು ಬ್ಯಾಂಕಲ್ಲಿ ಇದ್ರೆ ಮಾತ್ರ ಹಾಕ್ಸಿ.

ಹಳೆ ಓನರ್‌ನ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡ್ದೆ ಇದ್ದಿದ್ದಕ್ಕೆ ಸಿಗೋ ಡಿಸ್ಕೌಂಟ್) ನಿಮಗೆ ಬರಲ್ಲ, ಬರತ್ತೆ ಅಂತ ಬ್ರೋಕರ್ ಹೇಳಿದ್ರೂ ನಂಬ್ಬೇಡಿ. ನೀವು ಕ್ಲೇಮ್ ಮಾಡ್ದೆ ಒಂದ್ವರ್ಷ ಕಳೆದ್ರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20%, ಹಾಗೇ ಐದು ವರ್ಷ ಹೋದ್ರೆ 50% ಕಮ್ಮಿ ಆಗತ್ತೆ, ಸಣ್ಣ ಗೀರು ಬಿದ್ರೆ ಕೈಯಿಂದಾನೇ ಹಾಕಿ ಸರಿ ಮಾಡ್ಸಿ. ಪಾಲಿಸಿ ಮುಗಿದು 90 ದಿನ ದಾಟಿದ್ರೆ ಎನ್‌ಸಿಬಿ ಪೂರ್ತಿ ಹೋಯ್ತು.

ಇನ್ನು ತಿಂಗಳ ಲೆಕ್ಕ: ಕೋಟ್ ಜಿಎಸ್‌ಟಿ ಸೇರಿ 12,000 ಬಂದ್ರೆ ತಿಂಗಳಿಗೆ ಸಾವಿರ ಆಯ್ತು, ಸಂಬಳ ಬಿದ್ದ ಮಾರನೇ ದಿನಾನೇ ಕಟ್ ಆಗೋ ಹಾಗೆ ಬ್ಯಾಂಕಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಡೆಪಾಸಿಟ್) ಮಾಡ್ಸಿ, ಪಾಲಿಸಿ ಮುಗಿಯೋಕೆ ಹದಿನೈದು ದಿನ ಮುಂಚೆ ಅದು ಮೆಚೂರ್ ಆಗ್ಬೇಕು.